ರಾಡಿನ ಮೇಲಿನ ವ್ಯಾಟ್, ಲೈನಿನಲ್ಲಿರುವ ವೋಲ್ಟೇಜ್

ಕೇಳುಗರೇ, ನಮಸ್ಕಾರ.

ನೀರು ಕಾಯಿಸಲು ಬಕೆಟ್ಟಿಗೆ ಇಳಿಬಿಡುವ ರಾಡಿನ ಹಿಡಿಕೆಯನ್ನೊಮ್ಮೆ ನೋಡಿ. 1500 ವ್ಯಾಟ್, 230 ವೋಲ್ಟ್ ಎಂದು ಅಚ್ಚಾಗಿರುತ್ತದೆ. ಅಂಗಡಿಯಲ್ಲಿ ನಾವು ವ್ಯಾಟ್ ಮಾತ್ರ ಕೇಳುತ್ತೇವೆ. ಆದರೆ 230 ವೋಲ್ಟ್ ಸಿಕ್ಕರಷ್ಟೇ ಆ 1500.

ಲೆಕ್ಕ ಸುಲಭ. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಕರೆಂಟ್: 1500 ಭಾಗಿಸು 230, ಅಂದರೆ ಸುಮಾರು ಆರೂವರೆ ಆಂಪಿಯರ್. ಚಿಕ್ಕ 6 ಆಂಪಿಯರ್ ಸಾಕೆಟ್ಟಿಗೆ ಈ ರಾಡ್ ಸಲ್ಲದು, 16 ಆಂಪಿಯರಿನದೇ ಬೇಕು. ಇನ್ನು ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ, ಅಂದರೆ ಕರೆಂಟಿಗೆ ರಾಡ್ ಒಡ್ಡುವ ತಡೆ, ಇಲ್ಲಿ ಸುಮಾರು 35 ಓಮ್.

ಈ 35 ಓಮ್ ರಾಡಿನ ಸ್ವಂತದ್ದು. ವೋಲ್ಟೇಜ್ ಏರಲಿ, ಇಳಿಯಲಿ, ಅದು ಹೆಚ್ಚುಕಡಿಮೆ ಹಾಗೇ ಇರುತ್ತದೆ. ಲೈನಿನಲ್ಲಿ 180 ವೋಲ್ಟ್ ಮಾತ್ರ ಇದೆ ಅನ್ನಿ. ಕರೆಂಟ್ 5.1 ಆಂಪಿಯರಿಗೆ ಇಳಿಯುತ್ತದೆ. 180ನ್ನು 5.1ರಿಂದ ಗುಣಿಸಿದರೆ 918 ವ್ಯಾಟ್. ವೋಲ್ಟೇಜ್ ಇಳಿದದ್ದು ಐದರಲ್ಲೊಂದು ಪಾಲು, ಶಾಖ ಕಡಿಮೆಯಾದದ್ದು ಐದರಲ್ಲೆರಡು ಪಾಲು! ಇಪ್ಪತ್ತು ಲೀಟರ್ ನೀರಿನ ಬಿಸಿ 25 ಡಿಗ್ರಿ ಏರಲು 23 ನಿಮಿಷ ಸಾಕಾಗಿದ್ದದ್ದು ಈಗ 38 ನಿಮಿಷ ಹಿಡಿಯುತ್ತದೆ.

ವೋಲ್ಟೇಜ್ ಕಡಿಮೆಯಾದರೆ ಕರೆಂಟ್ ಜಾಸ್ತಿ ಎಳೆಯುತ್ತದೆ ಎಂಬ ಮಾತಿದೆಯಲ್ಲ, ಅದು ಭಾರ ಹೊತ್ತು ತಿರುಗುವ ಪಂಪಿನ ಮೋಟರಿಗೆ ಹೇಳಿದ್ದು, ರಾಡಿಗಲ್ಲ. ಮೋಟರಿಗೆ ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೂ ಸರಿಯಾದ ವ್ಯಾಟ್ ಬಾರದು, ಪವರ್ ಫ್ಯಾಕ್ಟರ್ ಎಂಬ, ಒಂದಕ್ಕಿಂತ ಕಡಿಮೆಯ ಅಂಕಿಯಿಂದಲೂ ಗುಣಿಸಬೇಕು.

ರೋಧವನ್ನು ಮಲ್ಟಿಮೀಟರಿನಲ್ಲಿ ಅಳೆಯುವುದಾದರೆ ಮೊದಲು ಪ್ಲಗ್ ಕಿತ್ತು ಕೈಯಲ್ಲಿ ಹಿಡಿಯಿರಿ. ಸ್ವಿಚ್ ಆರಿಸಿದರೆ ಸಾಲದು. ಗುಬುಟನ್ನು 200 ಓಮಿಗೆ ತಿರುಗಿಸಿ. ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದಾಗ 0.3ರಷ್ಟು ಬಂದರೆ, ಅದು ಮೀಟರಿನ ವೈರಿನ ರೋಧ, ಕಳೆಯಬೇಕು. ಆಮೇಲೆ ಪ್ಲಗ್ಗಿನ ಸಣ್ಣ ಪಿನ್ನುಗಳೆರಡಕ್ಕೂ ಒಂದೊಂದು ಕಡ್ಡಿ ಒತ್ತಿ. 35ರ ಆಸುಪಾಸು ಬಂದರೆ ಕಾಯಿಲ್ ಸರಿಯಿದೆ. ಮೀಟರಿನ ಪರದೆಯ ಎಡಗಡೆ ಬರೀ 1 ಎಂಬ ಅಂಕಿ ನಿಂತರೆ ಒಳಗೆಲ್ಲೋ ತುಂಡಾಗಿದೆ. ದಪ್ಪ ಅರ್ತ್ ಪಿನ್ನಿಗೂ ಸಣ್ಣ ಪಿನ್ನಿಗೂ ನಡುವೆ ಓಮ್ ತೋರಿಸಿತೋ, ಆ ರಾಡನ್ನು ಮತ್ತೆ ನೀರಿಗೆ ಇಳಿಸಲೇಬೇಡಿ. ಕರೆಂಟ್ ಹೊರಮೈಗೆ ಬರುತ್ತಿದೆ ಎಂದರ್ಥ.

ತಂತಿಯ ಸುತ್ತ ದವಡೆ ಮುಚ್ಚಿ ಅಳೆಯುವ ಕ್ಲ್ಯಾಂಪ್ ಮೀಟರಿನಲ್ಲಿ ಕರೆಂಟ್ ನೋಡುವವರು ಇಡೀ ಕೇಬಲ್ಲಿಗೆ ದವಡೆ ಹಾಕಿದರೆ ಸೊನ್ನೆ ಬರುತ್ತದೆ. ಹೋಗುವ ಕರೆಂಟೂ ಬರುವ ಕರೆಂಟೂ ಒಂದನ್ನೊಂದು ಅಳಿಸುತ್ತವೆ. ಒಂದೇ ತಂತಿ ದವಡೆಯೊಳಗಿರಬೇಕು.

ಕೊನೆಗೆ ಪ್ಲಗ್ಗಿನ ಮಾತು. ಒಳಗಿನ ಸ್ಕ್ರೂ ಸಡಿಲಾಗಿ ಅಲ್ಲಿ ಅರ್ಧ ಓಮ್ ರೋಧ ಹುಟ್ಟಿದರೂ ಕೆಟ್ಟದ್ದೇ. ಅಲ್ಲಿ ಹುಟ್ಟುವ ಕಾವು ಎಷ್ಟೆಂದು ತಿಳಿಯಲು ಕರೆಂಟಿನ ವರ್ಗವನ್ನು ರೋಧದಿಂದ ಗುಣಿಸಿ: ಆರೂವರೆ ಆರೂವರೆಯಲಿ ಸುಮಾರು 42, ಅದರ ಅರ್ಧ 21 ವ್ಯಾಟ್. ರೇಡಿಯೋ ರಿಪೇರಿಯವರು ಬೆಸುಗೆ ಹಾಕುವ ಕಡ್ಡಿಗೆ 25 ವ್ಯಾಟ್ ಇರುತ್ತದೆ. ಹೆಚ್ಚುಕಡಿಮೆ ಅಷ್ಟೇ ಕಾವು ಒಂದು ಪಿನ್ನಿನ ಬುಡದಲ್ಲಿ ಕೂತರೆ ಪ್ಲಾಸ್ಟಿಕ್ ಕರಗದೆ ಇರುತ್ತದೆಯೇ? ಹತ್ತು ನಿಮಿಷ ಉರಿಸಿ, ಸ್ವಿಚ್ ಆರಿಸಿ, ಪ್ಲಗ್ಗಿನ ಪ್ಲಾಸ್ಟಿಕ್ ಮುಟ್ಟಿ ನೋಡಿ. ಸುಡುತ್ತಿದ್ದರೆ ಪ್ಲಗ್ ಕಿತ್ತು ಬಿಚ್ಚಿ, ಕಪ್ಪಾದ ತಂತಿ ಕತ್ತರಿಸಿ, ಹೊಸ ತುದಿ ಸುಲಿದು ಬಿಗಿಯಾಗಿ ತಿರುಪಿ. ಪಿನ್ನೇ ಕಪ್ಪಾಗಿದ್ದರೆ ಪ್ಲಗ್ಗನ್ನೂ ಸಾಕೆಟ್ಟನ್ನೂ ಒಟ್ಟಿಗೇ ಬದಲಿಸಿ.

ನಮಸ್ಕಾರ.