ರಾತ್ರಿ ಹನ್ನೊಂದಕ್ಕೆ ಅಂಗಡಿಗೆ ಹೋಗುವ ಹುಡುಗಿ

ನಮಸ್ಕಾರ. ಮೈಸೂರಿನಲ್ಲಿರುವ ನನ್ನ ಅಕ್ಕನ ಮಗಳು ಈಗ ಹತ್ತನೇ ಕ್ಲಾಸು. ಎರಡು ವರ್ಷದಿಂದ ಕೊರಿಯನ್ ಧಾರಾವಾಹಿಗಳನ್ನು ಬಿಡದೆ ನೋಡುತ್ತಿದ್ದಾಳೆ. ಕೊರಿಯನ್ ಅಕ್ಷರ ಓದಲು ಕಲಿತಿದ್ದಾಳೆ. "ಚಿಕ್ಕಮ್ಮ, ಅಲ್ಲೂ ಅಪ್ಪನ್ನ ಅಪ್ಪಾ ಅಂತಾನೇ ಕರೀತಾರೆ" ಅಂತ ಹೇಳಿದ ದಿನ ಅವಳ ಮುಖ ನೋಡಬೇಕಿತ್ತು. ದೂರದ ನೆಂಟರು ಸಿಕ್ಕಷ್ಟು ಖುಷಿ.

ಮೊನ್ನೆ ಹೋದಾಗ ಹೇಳಿದಳು, "ನಾನು ಪಿಯುಸಿ ಮುಗಿಸಿ ಸಿಯೋಲ್‌ಗೆ ಹೋಗ್ತೀನಿ." ಯಾಕೆ ಅಂತ ಕೇಳಿದೆ. ಹೀರೋ ಬಗ್ಗೆ, ಬಟ್ಟೆ ಬಗ್ಗೆ ಏನಾದರೂ ಹೇಳುತ್ತಾಳೆ ಅಂದುಕೊಂಡಿದ್ದೆ. ಅವಳು ಹೇಳಿದ್ದು ಒಂದು ಸಣ್ಣ ದೃಶ್ಯ. ರಾತ್ರಿ ಹನ್ನೊಂದು ಗಂಟೆ. ಒಂದು ಹುಡುಗಿಗೆ ಹಸಿವಾಗುತ್ತದೆ. ಮನೆಯಲ್ಲಿ ಹಾಕಿಕೊಂಡ ಚಪ್ಪಲಿಯಲ್ಲೇ ಒಬ್ಬಳೇ ಮೂಲೆ ಅಂಗಡಿಗೆ ಹೋಗುತ್ತಾಳೆ. ಕಪ್ ನೂಡಲ್ಸ್ ತೆಗೆದುಕೊಂಡು, ಅಲ್ಲೇ ಬಿಸಿನೀರು ಹಾಕಿಕೊಂಡು, ಹೊರಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ತಿನ್ನುತ್ತಾಳೆ. ಯಾರೂ ಏನೂ ಕೇಳುವುದಿಲ್ಲ. ಯಾರೂ ತಿರುಗಿ ನೋಡುವುದಿಲ್ಲ.

"ಅಷ್ಟೇ ಚಿಕ್ಕಮ್ಮ. ಅಷ್ಟು ಬೇಕು ನಂಗೆ."

ಆ ಮಾತು ನನ್ನನ್ನು ಬಿಡಲಿಲ್ಲ. ಮಕ್ಕಳು ಧಾರಾವಾಹಿ ನೋಡಿ ಬೇರೆ ದೇಶದ ಬಗ್ಗೆ ಕನಸು ಕಟ್ಟುತ್ತಾರೆ ಅಂತ ನಾವು ಬೈಯುತ್ತೇವೆ. ನನಗೆ ಅನ್ನಿಸುವುದು ಬೇರೆ. ಆ ಕನಸಿನಲ್ಲಿ ಕೊರಿಯಾ ಇರುವುದು ಕಡಿಮೆ. ತಮ್ಮ ಬೀದಿಯಲ್ಲಿ, ತಮ್ಮ ಮನೆಯಲ್ಲಿ ಏನು ಸಿಗುತ್ತಿಲ್ಲ ಅನ್ನುವುದೇ ಅದರಲ್ಲಿ ಜಾಸ್ತಿ.

ತೊಂಬತ್ತರ ದಶಕದಲ್ಲಿ ನಾನೂ ಹೀಗೇ ಇದ್ದೆ. ಆಗ ಸ್ಟಾರ್ ಪ್ಲಸ್‌ನಲ್ಲಿ ಅಮೆರಿಕದ ಸೀರಿಯಲ್‌ಗಳು ಬರುತ್ತಿದ್ದವು. ಪಕ್ಕದ ಮನೆಯಲ್ಲಿ ಕೂತು ನೋಡುತ್ತಿದ್ದೆ. ಇಂಗ್ಲಿಷ್ ಅರ್ಧ ಅರ್ಥವಾಗುತ್ತಿರಲಿಲ್ಲ. ಕಥೆ ಈಗ ಒಂದೂ ನೆನಪಿಲ್ಲ. ನೆನಪಿರುವುದು ಒಂದು ಬಾಗಿಲು. ನನ್ನ ವಯಸ್ಸಿನ ಹುಡುಗಿ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ನಮ್ಮದು ಎರಡು ಕೋಣೆ, ಏಳು ಜನ. ಅಮೆರಿಕ ಅಂದರೆ ನನಗೆ ಆ ಬಾಗಿಲು.

ಮಣಿಪುರದ ಕಥೆ ನೋಡಿ. 2000ನೇ ಇಸವಿಯಲ್ಲಿ ಅಲ್ಲಿನ ಒಂದು ಬಂಡುಕೋರ ಸಂಘಟನೆ ಹಿಂದಿ ಸಿನಿಮಾ, ಹಿಂದಿ ಚಾನೆಲ್‌ಗಳನ್ನು ನಿಷೇಧಿಸಿತು. ಆ ಜಾಗಕ್ಕೆ ಕೊರಿಯಾದ ಅರಿರಾಂಗ್ ಚಾನೆಲ್ ಬಂತು. ನಮಗಿಂತ ಎಷ್ಟೋ ವರ್ಷ ಮೊದಲೇ ಅಲ್ಲಿನ ಮಕ್ಕಳು ಕೊರಿಯನ್ ಧಾರಾವಾಹಿಗಳಿಗೆ ಮನಸೋತರು. ನಿಷೇಧ ಒಂದೇ ಕಾರಣ ಅಂತ ನಾನು ಒಪ್ಪುವುದಿಲ್ಲ. ತಮ್ಮಂತೆ ಕಾಣುವ ಮುಖಗಳನ್ನು ನಮ್ಮ ಟಿವಿ ಅವರಿಗೆ ಯಾವತ್ತು ತೋರಿಸಿತ್ತು ಹೇಳಿ?

ಹಾಗಂತ ಮಗುವನ್ನು ಅರ್ಧ ಚಿತ್ರದ ಜೊತೆ ಬಿಟ್ಟುಬಿಡಲು ನನಗೆ ಮನಸ್ಸಿಲ್ಲ. "ಅದೆಲ್ಲ ಸುಳ್ಳು" ಅನ್ನಲೂ ಇಲ್ಲ. ಪಕ್ಕದಲ್ಲಿ ಕೂತು ನೋಡಿದೆ. ನೋಡುತ್ತಾ ಕೇಳಿದೆ, "ಈ ಕೋಣೆಗೆ ಬಾಡಿಗೆ ಎಷ್ಟಿರಬಹುದು?"

ಬಡ ಹೀರೋಯಿನ್ ಇರುವ ಆ ತಾರಸಿ ಕೋಣೆ ನಿಮಗೂ ಗೊತ್ತಿರಬಹುದು. ಕೊರಿಯನ್‌ನಲ್ಲಿ ಒಕ್ತಪ್‌ಬಾಂಗ್ ಅನ್ನುತ್ತಾರೆ. ಹೊರಗೆ ಮರದ ಮಂಚದಂಥ ಕಟ್ಟೆ, ಕೆಳಗೆ ಇಡೀ ಊರಿನ ದೀಪ. ಪ್ರೀತಿ ಹೇಳಿಕೊಳ್ಳುವುದು ಅಲ್ಲೇ. ನಿಜಕ್ಕೂ ಅದು ಬೇಸಿಗೆಯಲ್ಲಿ ಕಾದು, ಚಳಿಗಾಲದಲ್ಲಿ ಕೊರೆಯುವ ಕೋಣೆ. ಬೇರೆ ಕಡೆ ಬಾಡಿಗೆ ಕೊಡಲಾಗದವರು ಅಲ್ಲಿರುತ್ತಾರೆ. ಬೆಂಗಳೂರಿನಲ್ಲಿ ತಾರಸಿ ಮೇಲೆ ಶೀಟ್ ಹಾಕಿ ಬ್ಯಾಚುಲರ್‌ಗಳಿಗೆ ಕೊಡುತ್ತಾರಲ್ಲ, ಅದರ ಅಣ್ಣತಮ್ಮ. ಇನ್ನು ಎಲ್ಲರೂ ಮಾತುಮಾತಿಗೆ ಸಬ್‌ವೇ ಸ್ಯಾಂಡ್‌ವಿಚ್ ತಿನ್ನುತ್ತಾರಲ್ಲ, ಅದು ದುಡ್ಡು ಕೊಟ್ಟು ಸೇರಿಸಿದ ಜಾಹೀರಾತು. ಟಿವಿ ಕಾರ್ಯಕ್ರಮಗಳ ಒಳಗೇ ಹೀಗೆ ಸಾಮಾನು ತೋರಿಸಲು 2010ರಿಂದ ಅಲ್ಲಿ ಕಾನೂನಿನ ಒಪ್ಪಿಗೆ ಇದೆ.

ಸ್ಕೂಲಿನ ವಿಷಯ ಬಂದಾಗ ಅವಳು ಸುಮ್ಮನಾದಳು. ಧಾರಾವಾಹಿಯಲ್ಲಿ ಚಂದದ ಯೂನಿಫಾರ್ಮ್, ಚೆರ್ರಿ ಹೂವು, ಛತ್ರಿ ಹಿಡಿದು ಬರುವ ಹುಡುಗ. ಆ ಯೂನಿಫಾರ್ಮ್ ಹಾಕಿದ ಮಕ್ಕಳು ಸ್ಕೂಲು ಮುಗಿಸಿ ಹಾಗ್ವೊನ್ ಅನ್ನುವ ಟ್ಯೂಷನ್‌ಗೆ ಹೋಗುತ್ತಾರೆ. ರಾತ್ರಿ ಹತ್ತಕ್ಕೆ ಟ್ಯೂಷನ್ ಮುಚ್ಚಲೇಬೇಕು ಅಂತ ಸಿಯೋಲ್‌ನಲ್ಲಿ ನಿಯಮ ಮಾಡಬೇಕಾಯಿತು. ಹತ್ತು ಗಂಟೆಗೆ ಮುಚ್ಚಿ ಅಂತ ಸರ್ಕಾರ ಹೇಳಬೇಕಾದರೆ, ಮೊದಲು ಎಷ್ಟು ಹೊತ್ತು ಓದಿಸುತ್ತಿದ್ದರು ಯೋಚಿಸಿ. ನವೆಂಬರ್‌ನಲ್ಲಿ ಸುನುಂಗ್ ಅನ್ನುವ ಪ್ರವೇಶ ಪರೀಕ್ಷೆ. ಒಂದೇ ದಿನ, ಬೆಳಿಗ್ಗೆಯಿಂದ ಸಂಜೆವರೆಗೆ. ಮಕ್ಕಳಿಗೆ ಟ್ರಾಫಿಕ್ ತೊಂದರೆ ಆಗದಿರಲಿ ಅಂತ ಆಫೀಸುಗಳು ತಡವಾಗಿ ತೆರೆಯುತ್ತವೆ. ಇಂಗ್ಲಿಷ್ ಕೇಳಿ ಉತ್ತರ ಬರೆಯುವ ಹೊತ್ತಿಗೆ 35 ನಿಮಿಷ ಇಡೀ ದೇಶದಲ್ಲಿ ವಿಮಾನ ಏರುವುದಿಲ್ಲ, ಇಳಿಯುವುದಿಲ್ಲ.

"ನಮ್ಮ ನೀಟ್ ಥರಾನೇ" ಅಂದಳು, ಮೆಲ್ಲಗೆ.

ಹೌದು. ಮನೆಯ ಬೆಲೆ, ಟ್ಯೂಷನ್ ಖರ್ಚು, ಮುಗಿಯದ ಆಫೀಸು ನೋಡಿ ಅಲ್ಲಿ ಎಷ್ಟೋ ಜನ ಮಗುವೇ ಬೇಡ ಅನ್ನುತ್ತಿದ್ದಾರೆ. 2023ರಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 0.72 ಮಗು. ಜಗತ್ತಿನ ಎಲ್ಲ ದೇಶಗಳಿಗಿಂತ ಕಡಿಮೆ. ಅಷ್ಟು ಪ್ರೇಮಕಥೆಗಳನ್ನು ಕಳಿಸುವ ದೇಶ ಅದು.

ಇನ್ನೊಂದು ವಿಷಯ ಅವಳಿಗೆ ಹೇಳಲೋ ಬೇಡವೋ ಅಂತ ತುಂಬಾ ಹೊತ್ತು ಯೋಚಿಸಿದೆ. ಅವಳ ಆ ನೂಡಲ್ಸ್ ದೃಶ್ಯವನ್ನು ಒಡೆದುಹಾಕಲು ನನಗೆ ಇಷ್ಟವಿರಲಿಲ್ಲ. ಆದರೆ ಒಂದು ದಿನ ನಿಜವಾಗಿಯೂ ಹೊರಟರೆ? ಹೇಳಿಯೇಬಿಟ್ಟೆ. 2016ರ ಮೇ ತಿಂಗಳಲ್ಲಿ, ಸಿಯೋಲ್‌ನ ಗಂಗ್ನಮ್ ಸ್ಟೇಷನ್ ಹತ್ತಿರ, ರಾತ್ರಿ ಹೊತ್ತು, ಗುರುತೇ ಇಲ್ಲದ ಒಬ್ಬ ಗಂಡಸು ಒಬ್ಬ ಯುವತಿಯನ್ನು ಕೊಂದ. ಹೆಂಗಸರು ತನ್ನನ್ನು ಲೆಕ್ಕಕ್ಕೇ ಇಟ್ಟಿಲ್ಲ ಅಂದ. ಸತ್ತವಳನ್ನು ನೆನೆದು ಜನ ಬರೆದು ಅಂಟಿಸಿದ ಸಣ್ಣ ಸಣ್ಣ ಬಣ್ಣದ ಚೀಟಿಗಳಿಂದ ಸ್ಟೇಷನ್ನಿನ 10ನೇ ಗೇಟು ಮುಚ್ಚಿಹೋಯಿತು. 2018ರಲ್ಲಿ ಹತ್ತಾರು ಸಾವಿರ ಹೆಂಗಸರು ಸಿಯೋಲ್‌ನ ಬೀದಿಗೆ ಬಂದರು. ಟಾಯ್ಲೆಟ್‌ಗಳಲ್ಲಿ ಕ್ಯಾಮೆರಾ ಬಚ್ಚಿಟ್ಟು ಚಿತ್ರ ತೆಗೆಯುವವರ ವಿರುದ್ಧ.

ಅವಳು ಅಳಲಿಲ್ಲ. "ಆ ಚೀಟಿ ಯಾರು ಬರೆದದ್ದು?" ಅಂತ ಕೇಳಿದಳು.

"ಜಾಸ್ತಿ ಹುಡುಗಿಯರೇ."

"ಹಾಗಾದ್ರೆ ಅವರೂ ಅದನ್ನೇ ಕೇಳ್ತಿದ್ದಾರೆ" ಅಂದಳು.

ಹದಿನೈದು ವರ್ಷದ ಹುಡುಗಿ ಅಷ್ಟು ದೂರದ ಹುಡುಗಿಯರನ್ನು ಹಾಗೆ ಅರ್ಥ ಮಾಡಿಕೊಂಡಳು. ಆ ಎರಡು ವರ್ಷದ ಧಾರಾವಾಹಿ ಇಲ್ಲದಿದ್ದರೆ ಅವರು ಅವಳಿಗೆ ಯಾರು? ಇದಕ್ಕೇ ನಾನು ರಿಮೋಟ್ ಕಿತ್ತುಕೊಳ್ಳಿ ಅನ್ನುವುದಿಲ್ಲ. ಅಪ್ಪ ಅಮ್ಮಂದಿರೇ, ನಿಮ್ಮ ಮಗು ಯಾವ ದೃಶ್ಯವನ್ನು ಮತ್ತೆ ಮತ್ತೆ ಹಾಕಿ ನೋಡುತ್ತದೆ ಅಂತ ಒಮ್ಮೆ ಕೇಳಿ. ಉತ್ತರ ಕೇಳಲು ಕಷ್ಟವಾಗಬಹುದು. ನನಗೂ ಆಯಿತು.

ಆ ರಾತ್ರಿ ಹತ್ತು ಗಂಟೆಗೆ, "ಬಾ, ಐಸ್‌ಕ್ರೀಮ್ ತರೋಣ" ಅಂದೆ. ಎರಡು ಬೀದಿ ದಾಟಿ ನಡೆದೆವು. ಅಂಗಡಿ ಇನ್ನೂ ತೆರೆದಿತ್ತು. ಕಟ್ಟೆ ಮೇಲೆ ಕೂತು ತಿಂದೆವು. ಖುಷಿಯಾಯಿತಾ ಅಂತ ಕೇಳಿದೆ.

"ಆಯ್ತು ಚಿಕ್ಕಮ್ಮ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಆದ್ರೆ ನೀವು ಜೊತೆಗಿದ್ರಿ ಅಲ್ವಾ" ಅಂದಳು.