ಕಣ್ಣಿನಲ್ಲಿ ಉಳಿದ ಗೆರೆ

ನಮಸ್ಕಾರ. ಗೋಡೆಯ ಮೇಲೆ ಸ್ಪ್ರೇ ಬಣ್ಣದಿಂದ ಬರೆಯುವವನಿಗೆ ಇಡೀ ಮೈಯೇ ಕುಂಚ. ಡಬ್ಬಿಯ ಮೂತಿಯನ್ನು ಒತ್ತುವುದು ಬೆರಳಾದರೂ, ಆಳೆತ್ತರದ ಅಕ್ಷರವೊಂದರ ಬಾಗು ಮೂಡುವುದು ಭುಜದಿಂದ, ಸೊಂಟದಿಂದ, ಪಕ್ಕಕ್ಕೆ ಸರಿಯುವ ಕಾಲಿನಿಂದ. ಅಂಥ ಕಲಾವಿದನೊಬ್ಬನ ದೇಹದಲ್ಲಿ ಕಣ್ಣುಗಳ ಹೊರತು ಬೇರೇನೂ ಅಲುಗದಂತಾದರೆ ಅವನ ಕಲೆ ಎಲ್ಲಿ ಉಳಿಯುತ್ತದೆ? ಲಾಸ್ ಏಂಜಲೀಸ್‌ನ ಟೋನಿ ಕ್ವಾನ್ ಅವರ ಬದುಕನ್ನು ತಿಳಿದಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಕ್ವಾನ್ ಅವರು 1980ರ ದಶಕದಿಂದ 'ಟೆಂಪ್ಟ್ ಒನ್' ಎಂಬ ಹೆಸರಿನಲ್ಲಿ ಆ ನಗರದ ಗೋಡೆಗಳ ಮೇಲೆ ಬರೆದವರು. ಅಲ್ಲಿಯ ಮೆಕ್ಸಿಕನ್ ಮೂಲದವರ ಬಡಾವಣೆಗಳಲ್ಲಿ ಚೋಲೋ ಎಂದು ಕರೆಯುವ, ಚೂಪು ಮೂಲೆಗಳ ಬಿಗಿಯಾದ ಬರವಣಿಗೆಯೊಂದು ಹಿಂದಿನಿಂದಲೇ ಇತ್ತು. ನ್ಯೂಯಾರ್ಕ್‌ನ ರೈಲುಗಳ ಮೇಲೆ ಬೆಳೆದದ್ದು ಅಕ್ಷರಗಳು ಒಂದರೊಳಗೊಂದು ಹೆಣೆದುಕೊಳ್ಳುವ ಬೇರೆಯದೇ ಬಗೆ. ಇವೆರಡನ್ನೂ ಬೆಸೆದು ಲಾಸ್ ಏಂಜಲೀಸ್‌ಗೆ ತನ್ನದೇ ಗೆರೆಯನ್ನು ಕೊಟ್ಟವರಲ್ಲಿ ಟೆಂಪ್ಟ್ ಪ್ರಮುಖರು.

2003ರಲ್ಲಿ ಅವರಿಗೆ ಎಎಲ್‌ಎಸ್ ಇರುವುದು ಪತ್ತೆಯಾಯಿತು. ಸ್ನಾಯುಗಳನ್ನು ನಡೆಸುವ ನರಕೋಶಗಳು ಒಂದೊಂದಾಗಿ ಸಾಯುವ ಕಾಯಿಲೆಯಿದು. ಕೈ, ಕಾಲು, ಮಾತು, ಕೊನೆಗೆ ಉಸಿರು ಕೂಡ ಹಿಡಿತ ತಪ್ಪುತ್ತವೆ. ಆದರೆ ಕಣ್ಣನ್ನು ಹೊರಳಿಸುವ ನರಗಳು ಸಾಮಾನ್ಯವಾಗಿ ಬಹುಕಾಲ ತಾಳಿಕೊಳ್ಳುತ್ತವೆ. ಟೆಂಪ್ಟ್ ಮನೆಯವರೊಂದಿಗೆ ಮಾತನಾಡುತ್ತಿದ್ದುದು ಕಾಗದದ ಮೇಲೆ ಬರೆದಿಟ್ಟ ವರ್ಣಮಾಲೆಯ ಮೂಲಕ. ಮನೆಯವರು ಅಕ್ಷರಗಳ ಮೇಲೆ ಬೆರಳಾಡಿಸುತ್ತ ಹೋಗುತ್ತಿದ್ದರು, ಬೇಕಾದ ಅಕ್ಷರ ಬಂದಾಗ ಟೆಂಪ್ಟ್ ಕಣ್ಣು ಮಿಟುಕಿಸುತ್ತಿದ್ದರು. ಅಕ್ಷರದ ಒಂದೊಂದು ತಿರುವಿಗೂ ಜೀವ ತೇಯ್ದಿದ್ದ ಮನುಷ್ಯನ ಪಾಲಿಗೆ ಉಳಿದದ್ದು ಬೇರೆಯವರ ಕೈಬರಹದ ಅಕ್ಷರಗಳು ಮಾತ್ರ ಎಂಬುದನ್ನು ನೆನೆದಾಗ ನನ್ನ ಮನಸ್ಸು ಕಲಕುತ್ತದೆ.

2009ರಲ್ಲಿ ಚಿತ್ರ ನಿರ್ಮಾಪಕ ಮಿಕ್ ಎಬೆಲಿಂಗ್ ಅವರ ಮನೆಯಲ್ಲಿ ಝಕ್ ಲೀಬರ್ಮನ್, ಥಿಯೋ ವಾಟ್ಸನ್, ಇವಾನ್ ರಾತ್ ಮೊದಲಾದ ಕಲಾವಿದ-ತಂತ್ರಜ್ಞರು ಸೇರಿ ಟೆಂಪ್ಟ್‌ಗಾಗಿ 'ಐರೈಟರ್' ಎಂಬ ಸಾಧನವನ್ನು ರೂಪಿಸಿದರು. ಅಗ್ಗದ ಕನ್ನಡಕದ ಚೌಕಟ್ಟು, ತಂತಿ, ಪ್ಲೇಸ್ಟೇಷನ್ ಆಟದ ಪುಟ್ಟ ಕ್ಯಾಮೆರಾ, ಅತಿಗೆಂಪು ಬೆಳಕು ಚೆಲ್ಲುವ ಸಣ್ಣ ದೀಪಗಳು. ಖರ್ಚು ಸುಮಾರು 50 ಡಾಲರ್. ಆ ಬೆಳಕಿನಲ್ಲಿ ಕಪ್ಪಾಗಿ ಕಾಣುವ ಕಣ್ಣಿನ ಪಾಪೆಯನ್ನು ಕ್ಯಾಮೆರಾ ಹಿಂಬಾಲಿಸುತ್ತದೆ. ಪರದೆಯ ಒಂದು ಕಡೆ ದೃಷ್ಟಿಯನ್ನು ಕ್ಷಣಕಾಲ ನಿಲ್ಲಿಸಿದರೆ ಅಲ್ಲಿ ಚುಕ್ಕಿ ಬೀಳುತ್ತದೆ, ಚುಕ್ಕಿಗಳು ಸೇರಿ ಗೆರೆಯಾಗುತ್ತದೆ. ಅಂಗಳದಲ್ಲಿ ಚುಕ್ಕಿಯಿಟ್ಟು ರಂಗೋಲಿ ಎಳೆಯುವುದನ್ನು ನೋಡಿ ಬೆಳೆದ ನಮಗೆ ಈ ಕ್ರಮವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಐರೈಟರ್‌ಗೆ 2010ರಲ್ಲಿ ಆಸ್ಟ್ರಿಯಾದ ಕಲೆ-ತಂತ್ರಜ್ಞಾನ ಸಂಸ್ಥೆ ಆರ್ಸ್ ಎಲೆಕ್ಟ್ರಾನಿಕಾದ ಗೋಲ್ಡನ್ ನಿಕಾ ಪ್ರಶಸ್ತಿ ಬಂತು, ಟೈಮ್ ಪತ್ರಿಕೆ ಅದನ್ನು ಆ ವರ್ಷದ ಉತ್ತಮ ಆವಿಷ್ಕಾರಗಳ ಪಟ್ಟಿಗೆ ಸೇರಿಸಿತು. ಎಲ್ಲವೂ ಸಲ್ಲತಕ್ಕ ಗೌರವವೇ. ಆದರೆ ಈ ಕಥೆಯನ್ನು ಯಂತ್ರದ ಪವಾಡವೆಂದು ಹೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅದೇ ಕನ್ನಡಕವನ್ನು ನನಗೆ ತೊಡಿಸಿದರೆ ಪರದೆಯ ಮೇಲೆ ಬರುವುದು ಗೀಚು. ಟೆಂಪ್ಟ್‌ಗೆ ತೊಡಿಸಿದಾಗ ಬಂದದ್ದು ಟೆಂಪ್ಟ್ ಅವರ ಅಕ್ಷರ. ಕೈಯಲ್ಲಿದೆಯೆಂದು ಎಲ್ಲರೂ ತಿಳಿದಿದ್ದ ವಿದ್ಯೆ ಅಷ್ಟು ವರ್ಷಗಳ ಕಾಲ, ಒಂದು ಗೆರೆಯನ್ನೂ ಎಳೆಯದೆ ಮಲಗಿದ್ದವನ ನೋಟದಲ್ಲಿ ಅಚ್ಚಳಿಯದೆ ಉಳಿದಿತ್ತು.

ಮೈ ಅಲುಗದವರಿಗೆ ಔಷಧ, ಆಹಾರ, ಶುಚಿ ಸಿಕ್ಕರೆ ಸಾಕು, ಚಿತ್ರವೆಲ್ಲ ಆಮೇಲೆ ಎಂಬ ಮಾತನ್ನು ಕಾಳಜಿಯುಳ್ಳವರೇ ಆಡುತ್ತಾರೆ. ನಾನು ಒಪ್ಪುವುದಿಲ್ಲ. ಯಾವುದಕ್ಕಾಗಿ ಒಬ್ಬರು ಬದುಕಿದ್ದರೋ ಅದನ್ನು ಅವರಿಗೆ ಮರಳಿ ಎಟುಕಿಸುವುದೂ ಆರೈಕೆಯೇ. ಈ ತಂಡ ತಂತ್ರಾಂಶವನ್ನು ಯಾರು ಬೇಕಾದರೂ ಬಳಸಿ ತಿದ್ದುವಂತೆ ಉಚಿತವಾಗಿ ಬಿಟ್ಟುಕೊಟ್ಟದ್ದು ನನಗೆ ಪ್ರಶಸ್ತಿಗಳಿಗಿಂತ ದೊಡ್ಡದಾಗಿ ಕಾಣುತ್ತದೆ, ಏಕೆಂದರೆ ಆಗ ಮಾರುಕಟ್ಟೆಯಲ್ಲಿದ್ದ ಇಂಥ ಸಾಧನಗಳಿಗೆ ಸಾವಿರಾರು ಡಾಲರ್ ತೆರಬೇಕಿತ್ತು.

ಅವರು ಮಾಡಿದ ಇನ್ನೊಂದು ಕೆಲಸವೂ ಮುಖ್ಯ. ಗ್ರಾಫಿಟಿ, ಅಂದರೆ ಈ ಗೋಡೆಬರಹ, ಪರದೆಯಲ್ಲಿ ಮುಗಿಯುವ ಕಲೆಯಲ್ಲ, ಊರು ಅದನ್ನು ನೋಡಬೇಕು. ಆದ್ದರಿಂದ ಟೆಂಪ್ಟ್ ಆಸ್ಪತ್ರೆಯ ಹಾಸಿಗೆಯಿಂದ ಕಣ್ಣಿನಲ್ಲಿ ಬರೆಯುತ್ತಿದ್ದಂತೆ, ಆ ಗೆರೆಗಳನ್ನು ಹೊರಗೆ ಪ್ರೊಜೆಕ್ಟರ್‌ನಿಂದ ಕಟ್ಟಡದ ಗೋಡೆಯ ಮೇಲೆ ಮನೆಯವರು ಮತ್ತು ಗೆಳೆಯರ ಎದುರಿಗೆ ಮೂಡಿಸಿದರು. ವರ್ಷಗಳ ನಂತರ ಮೊದಲ ಸಲ ಬರೆದದ್ದು ಹೇಗನ್ನಿಸಿತೆಂದು ಅವರೇ ಆಮೇಲೆ ತಿಳಿಸಿದ್ದರು: ನೀರಿನಡಿ ಅದುಮಿ ಹಿಡಿದಿದ್ದ ತನ್ನ ತಲೆಯನ್ನು ಯಾರೋ ಕೊನೆಗೂ ಮೇಲಕ್ಕೆತ್ತಿ ಉಸಿರೆಳೆದುಕೊಳ್ಳಲು ಬಿಟ್ಟಂತಾಯಿತು ಎಂದು.