ಪ್ರಾಮ್‌ನ ಹಳೇ ಪದ್ಧತಿಗಳನ್ನು ಶಾಲೆ ಇಟ್ಟುಕೊಳ್ಳಬೇಕಾ? | ಗಾರ್ಟರ್, ಪೋಂಚೋ ಮತ್ತು ಟೆಕ್ಸಸ್‌ನ ಸೇವಂತಿಗೆ

ನಮಸ್ಕಾರ. ಇವತ್ತಿನ ಪ್ರಶ್ನೆ ಕಳಿಸಿದವರು ಅಮೆರಿಕದಲ್ಲಿರುವ ಒಬ್ಬ ಕನ್ನಡದ ತಾಯಿ. ಮಗಳು ಹನ್ನೆರಡನೇ ಕ್ಲಾಸು. ಪ್ರಾಮ್‌ಗೆ, ಅಂದರೆ ಶಾಲೆಯ ಡ್ಯಾನ್ಸ್ ರಾತ್ರಿಗೆ, ಡ್ರೆಸ್ ತಗೊಳ್ಳೋಕೆ ಹೋದಾಗ, ಅಂಗಡಿಯವರು ಅದೇ ಬಣ್ಣದ ಒಂದು ಗಾರ್ಟರ್ ಕೂಡ ತೋರಿಸಿದರಂತೆ. ಅಂದರೆ ತೊಡೆಗೆ ಹಾಕಿಕೊಳ್ಳುವ ಲೇಸಿನ ಎಲಾಸ್ಟಿಕ್ ಪಟ್ಟಿ. ರಾತ್ರಿ ಜೊತೆಗೆ ಬಂದ ಹುಡುಗ ಅದನ್ನು ತೆಗೆದು ಇಟ್ಟುಕೊಳ್ಳುತ್ತಾನೆ, ಅದೊಂದು ಪದ್ಧತಿ ಅಂದರಂತೆ. "ಇದೆಲ್ಲ ಶಾಲೆಯ ಕಾರ್ಯಕ್ರಮದಲ್ಲಿ ಯಾಕೆ? ಶಾಲೆಯವರು ಇದನ್ನೆಲ್ಲ ನಿಲ್ಲಿಸಬಾರದಾ?" ಅಂತ ಅವರು ಕೇಳಿದ್ದಾರೆ.

ಒಳ್ಳೆ ಪ್ರಶ್ನೆ. ಮೊದಮೊದಲು ಇದಕ್ಕೆ "ಹೌದು, ನಿಲ್ಲಿಸಬೇಕು" ಅಂತ ಹೇಳಿ ಮುಗಿಸಬಹುದು ಅನ್ನಿಸಿತ್ತು. ಆದರೆ ಪ್ರಾಮ್ ಇತಿಹಾಸ ಓದುತ್ತಾ ಹೋದರೆ "ನಿಲ್ಲಿಸಿ" ಅನ್ನೋ ಮಾತು ಎಷ್ಟು ಕೆಟ್ಟ ಕೆಲಸಗಳಿಗೆ ಬಳಕೆಯಾಗಿದೆ ಅಂತ ಗೊತ್ತಾಗುತ್ತೆ. ಅದಕ್ಕೇ ಈ ವಿಡಿಯೋ.

[ಸ್ಕ್ರೀನ್ ಮೇಲೆ: ಪ್ರಾಮ್ ಅಂದರೇನು, ಬೇಗ ಬೇಗ]

ಪ್ರಾಮ್ ಅಂದರೆ ಅಮೆರಿಕದ ಹೈಸ್ಕೂಲಿನ ಕೊನೆಯ ಎರಡು ವರ್ಷದ ಮಕ್ಕಳಿಗೆ ನಡೆಯುವ ಡ್ಯಾನ್ಸ್ ರಾತ್ರಿ. ಸಾಮಾನ್ಯವಾಗಿ ಏಪ್ರಿಲ್, ಮೇನಲ್ಲಿ. 19ನೇ ಶತಮಾನದ ಕೊನೆಯಲ್ಲಿ ಕಾಲೇಜುಗಳಲ್ಲಿ ಇತ್ತು, ಆಮೇಲೆ ಹೈಸ್ಕೂಲಿಗೆ ಬಂತು. ಹುಡುಗರಿಗೆ ಟಕ್ಸೀಡೋ, ಹುಡುಗಿಯರಿಗೆ ಉದ್ದ ಗೌನು, ಕೈಗೆ ಹೂವು, ಬಾಡಿಗೆ ಲಿಮೋಸಿನ್, ಕೊನೆಗೆ ಓಟು ಹಾಕಿ ಆರಿಸಿದ ರಾಜ ರಾಣಿಗೆ ಕಿರೀಟ. ಕೆಲವರದು ಶಾಲೆಯ ಜಿಮ್‌ನಲ್ಲೇ ನಡೆಯುತ್ತೆ, ಕೆಲವರದು ಹೋಟೆಲಿನಲ್ಲಿ. 1975ರಲ್ಲಿ ಒಂದು ಪ್ರಾಮ್ ಶ್ವೇತಭವನದಲ್ಲೇ ನಡೆದಿತ್ತು, ಯಾಕೆಂದರೆ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅವರ ಮಗಳು ಸೂಸನ್ ಆ ವರ್ಷ ಹೋಲ್ಟನ್-ಆರ್ಮ್ಸ್ ಶಾಲೆಯಲ್ಲಿ ಕೊನೇ ಕ್ಲಾಸಿನಲ್ಲಿದ್ದಳು. ಅಷ್ಟು ಗೊತ್ತಿದ್ದರೆ ಸಾಕು, ಮುಂದೆ ಹೋಗೋಣ.

ಈಗ ಗಾರ್ಟರ್ ವಿಷಯ. ಕಾಲುಚೀಲ ಜಾರದಂತೆ ಕಟ್ಟುತ್ತಿದ್ದ ಪಟ್ಟಿ ಇದು. ಯುರೋಪಿನ ಹಳೇ ಮದುವೆಗಳಲ್ಲಿ ಮದುಮಗಳ ಬಟ್ಟೆಯ ಒಂದು ಚೂರು ಸಿಕ್ಕರೆ ಅದೃಷ್ಟ ಅನ್ನೋ ನಂಬಿಕೆ ಇತ್ತು, ಜನ ಅದಕ್ಕೆ ಮುಗಿಬೀಳುತ್ತಿದ್ದರು. ಅಮೆರಿಕದ ಮದುವೆಗಳಲ್ಲಿ ಗಂಡ ಹೆಂಡತಿಯ ಕಾಲಿನಿಂದ ಗಾರ್ಟರ್ ತೆಗೆದು ಮದುವೆಯಾಗದ ಗೆಳೆಯರ ಗುಂಪಿಗೆ ಎಸೆಯುವ ಆಟ ಇವತ್ತಿಗೂ ಇದೆ. ಅದೇ ಆಟ ಪ್ರಾಮ್‌ಗೂ ಬಂದುಬಿಟ್ಟಿದೆ. ಎಲ್ಲಾ ಊರಲ್ಲೂ ಇಲ್ಲ. ಇರುವ ಕಡೆ ಹುಡುಗ ಅದನ್ನು ತಗೊಂಡು ಕಾರಿನ ಕನ್ನಡಿಗೆ ನೇತುಹಾಕುತ್ತಾನೆ. ಮದುವೆಯಲ್ಲಿ ಇಬ್ಬರು ದೊಡ್ಡವರು ತಾವಾಗಿ ಒಪ್ಪಿ ಮಾಡುವ ತಮಾಷೆ ಅದು. ಹದಿನೇಳು ವರ್ಷದ ಹುಡುಗಿ ಕ್ಲಾಸ್‌ಮೇಟ್‌ಗಳ ಮುಂದೆ ಕುರ್ಚಿಯಲ್ಲಿ ಕೂತು, ಸುತ್ತ ಎಲ್ಲರೂ ಕೂಗುತ್ತಿರುವಾಗ ಮಾಡುವುದು ಬೇರೆ. ಅಲ್ಲಿ "ಬೇಡ" ಅನ್ನೋಕೆ ಧೈರ್ಯ ಬೇಕು, ಅಲ್ವಾ? ಆ ಧೈರ್ಯವನ್ನು ಮಕ್ಕಳಿಂದ ಕೇಳುವ ಆಟವನ್ನು ಶಾಲೆ ನಡೆಸಬಾರದು. ಇದರಲ್ಲಿ ನನಗೆ ಎರಡು ಮಾತಿಲ್ಲ.

[ಸ್ಕ್ರೀನ್ ಮೇಲೆ: ಪೋಂಚೋ ಹಾಕಿದ ಬೊಂಬೆಯ ರೇಖಾಚಿತ್ರ]

ಈಗ ಇನ್ನೊಂದು ಕಡೆಯಿಂದ ನೋಡಿ. 2018ರಲ್ಲಿ ಮಿಷಿಗನ್ ರಾಜ್ಯದ ಡಿಯರ್‌ಬಾರ್ನ್‌ನ ಒಂದು ಕ್ಯಾಥೋಲಿಕ್ ಹೈಸ್ಕೂಲಿನಲ್ಲಿ, ಪ್ರಾಮ್‌ಗೆ ಮುಂಚೆ, ಒಂದು ಬೊಂಬೆಗೆ ಬಣ್ಣದ ಪೋಂಚೋ, ಅಂದರೆ ತಲೆಯ ಮೇಲಿಂದ ಹಾಕಿಕೊಳ್ಳುವ ಸಡಿಲವಾದ ಹೊದಿಕೆ, ಹಾಕಿ ನಿಲ್ಲಿಸಿದರು. ಹೆಸರು "ಮಾಡೆಸ್ಟಿ ಪೋಂಚೋ", ಅಂದರೆ ಮರ್ಯಾದೆಯ ಪೋಂಚೋ. ಡ್ರೆಸ್ ನಿಯಮಕ್ಕೆ ಸರಿಹೋಗದೆ ಬಂದ ಹುಡುಗಿಗೆ ಇದನ್ನು ಹೊದಿಸುತ್ತೇವೆ ಅನ್ನೋ ಎಚ್ಚರಿಕೆ. ಸುದ್ದಿ ದೇಶವೆಲ್ಲ ಹರಡಿತು, ತುಂಬಾ ಪೋಷಕರು ಸಿಟ್ಟಾದರು.

ಗಾರ್ಟರ್ ಮತ್ತು ಪೋಂಚೋ ಒಂದಕ್ಕೊಂದು ವಿರುದ್ಧ ಅಂತ ಅನ್ನಿಸುತ್ತೆ. ಒಂದು ತೋರಿಸು ಅನ್ನುತ್ತೆ, ಇನ್ನೊಂದು ಮುಚ್ಚು ಅನ್ನುತ್ತೆ. ಆದರೆ ಎರಡರಲ್ಲೂ ರಾತ್ರಿಯ ಮುಖ್ಯ ವಿಷಯ ಹುಡುಗಿಯ ಮೈ. ಎರಡರಲ್ಲೂ ಅವಳನ್ನು ಎಲ್ಲರ ಎದುರು ನಿಲ್ಲಿಸುತ್ತಾರೆ. ಪ್ರಾಮ್ ನಿಯಮಗಳ ಪಟ್ಟಿ ಓದಿ ನೋಡಿ. ಹುಡುಗರಿಗೆ ಒಂದು ಸಾಲು, ಸೂಟ್ ಅಥವಾ ಟಕ್ಸೀಡೋ. ಹುಡುಗಿಯರಿಗೆ ಬೆನ್ನು ಎಲ್ಲಿವರೆಗೆ, ಸೀಳು ಎಲ್ಲಿವರೆಗೆ, ಹೊಟ್ಟೆ ಕಾಣಬಹುದಾ, ಪಟ್ಟಿ ಎಷ್ಟು ಅಗಲ... ಕೆಲವು ಶಾಲೆಗಳಲ್ಲಿ ಡ್ರೆಸ್ಸಿನ ಫೋಟೋ ಮುಂಚೆಯೇ ಕಳಿಸಿ ಒಪ್ಪಿಗೆ ಪಡೆಯಬೇಕು. ಹಾಗಾಗಿ "ಅಶ್ಲೀಲ ಪದ್ಧತಿ ತೆಗೆಯಿರಿ" ಅಂತ ಹೇಳಿ ಅದರ ಜಾಗಕ್ಕೆ ಅಳತೆ ಟೇಪು ತಂದರೆ ಆ ಹುಡುಗಿಗೆ ಏನೂ ಸಿಕ್ಕಂತಾಗಲಿಲ್ಲ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಇದಕ್ಕೆ ಸ್ವಲ್ಪ ಜಾಸ್ತಿ ಸಮಯ ತಗೊಳ್ತೀನಿ.

[ಸ್ಕ್ರೀನ್ ಮೇಲೆ: ಟೆಕ್ಸಸ್ ನಕ್ಷೆ, ಪಕ್ಕದಲ್ಲಿ ಬಿಳಿ ಸೇವಂತಿಗೆ]

ಟೆಕ್ಸಸ್‌ನಲ್ಲೂ ಒಂದು ಗಾರ್ಟರ್ ಇದೆ. ಅದನ್ನು ಹಾಕಿಕೊಳ್ಳುವವರು ಹುಡುಗರು. ಅದೂ ತೋಳಿಗೆ!

ಪ್ರಾಮ್‌ಗೆ ಅಲ್ಲ ಇದು, ಹೋಮ್‌ಕಮಿಂಗ್‌ಗೆ. ಅಂದರೆ ಶರತ್ಕಾಲದಲ್ಲಿ ಶಾಲೆಯ ಫುಟ್ಬಾಲ್ ಪಂದ್ಯದ ಸುತ್ತ ನಡೆಯುವ ಹಬ್ಬ. ಹಿಂದೆ ಹುಡುಗ ತನ್ನ ಜೊತೆಗೆ ಬರುವ ಹುಡುಗಿಗೆ ಒಂದು ಸೇವಂತಿಗೆ ಹೂವು ಕೊಡುತ್ತಿದ್ದ. ನಮ್ಮ ಮನೆಯ ಪೂಜೆಗೆ ಬರುವ ಅದೇ ಸೇವಂತಿಗೆ, ದೊಡ್ಡ ಜಾತಿಯದು. ಅವಳು ಅದನ್ನು ಎದೆಯ ಮೇಲೆ ಪಿನ್ ಹಾಕಿಕೊಳ್ಳುತ್ತಿದ್ದಳು. ಅವರು ಅದನ್ನು "ಮಮ್" ಅನ್ನುತ್ತಾರೆ. ಆಮೇಲೆ ಹೂವಿಗೆ ಶಾಲೆಯ ಬಣ್ಣದ ರಿಬ್ಬನ್ ಬಂತು. ರಿಬ್ಬನ್ ಉದ್ದವಾಯಿತು. ನಿಜವಾದ ಹೂವು ಹೋಗಿ ಬಟ್ಟೆಯ ಹೂವು ಬಂತು, ಬಾಡುವ ಚಿಂತೆ ಇಲ್ಲವಲ್ಲ, ಹಾಗಾಗಿ ಇನ್ನೂ ದೊಡ್ಡದು ಮಾಡಬಹುದು. ಗಂಟೆ ಕಟ್ಟಿದರು. ಟೆಡ್ಡಿ ಬೇರ್ ಅಂಟಿಸಿದರು. ಈಗ ಎಲ್‌ಇಡಿ ಲೈಟು ಕೂಡ ಇದೆ. ಪಿನ್ನಿಗೆ ಆ ಭಾರ ತಡೆಯೋದಿಲ್ಲ, ಅದಕ್ಕೆ ಎಷ್ಟೋ ಮಮ್‌ಗಳನ್ನು ಕುತ್ತಿಗೆಗೆ ಹಾಕಿಕೊಳ್ಳುತ್ತಾರೆ, ರಿಬ್ಬನ್‌ಗಳು ಮೊಣಕಾಲಿನ ಕೆಳಗೂ ಇಳಿಯುತ್ತವೆ. ಜಾತ್ರೆಯ ತೇರಿಗೆ ಕಟ್ಟಿದ ಬಾವುಟ, ಹೂವು, ಗಂಟೆ ಎಲ್ಲವನ್ನೂ ಬಿಚ್ಚಿ ಒಬ್ಬ ಹುಡುಗಿಗೆ ಹಾಕಿದ ಹಾಗೆ ಕಾಣುತ್ತೆ. ಕೊನೇ ವರ್ಷದವರಿಗೆ ಸಾಮಾನ್ಯವಾಗಿ ಬಿಳಿ ಮತ್ತು ಬೆಳ್ಳಿ ಬಣ್ಣ. ಅವರು ನಡೆದುಬಂದರೆ ಶಾಲೆಯ ಕಾರಿಡಾರ್ ತುಂಬಾ ಗಂಟೆ ಸದ್ದು.

ಅದಕ್ಕೆ ಪ್ರತಿಯಾಗಿ ಹುಡುಗನಿಗೆ ಸಿಗುವುದು ಗಾರ್ಟರ್. ಅದೇ ಎಲಾಸ್ಟಿಕ್ ಪಟ್ಟಿ, ಅದರ ಮೇಲೆ ಒಂದು ಚಿಕ್ಕ ಮಮ್, ರಿಬ್ಬನ್, ಹೆಸರು. ಅಂಗಿಯ ಮೇಲೆ ತೋಳಿಗೆ ಏರಿಸಿಕೊಂಡು ದಿನವಿಡೀ ಕ್ಲಾಸಿನಲ್ಲಿ ಕೂರುತ್ತಾನೆ. ಎಷ್ಟೋ ಮನೆಗಳಲ್ಲಿ ತಾಯಂದಿರು ಕ್ರಾಫ್ಟ್ ಅಂಗಡಿಯಿಂದ ಸಾಮಾನು ತಂದು ಊಟದ ಟೇಬಲ್ ಮೇಲೆ ಹರಡಿಕೊಂಡು ಗ್ಲೂ ಗನ್ ಹಿಡಿದು ಕೂರುತ್ತಾರೆ. ಡಲ್ಲಾಸ್ ಸುತ್ತಮುತ್ತ ಇರುವ ಕನ್ನಡದ ಮನೆಗಳಿಗೂ ಇದು ಹೊಸದಲ್ಲ. ಖರ್ಚು ಕಡಿಮೆಯೇನಲ್ಲ, ದೊಡ್ಡದು ಮಾಡಿಸಿದರೆ ನೂರಾರು ಡಾಲರ್ ಆಗುತ್ತೆ, ಅದರ ಬಗ್ಗೆ ನನಗೆ ತಕರಾರಿದೆ. ಆದರೆ ಯಾರ ಬಟ್ಟೆಯನ್ನೂ ಯಾರೂ ಸರಿಸಬೇಕಾಗಿಲ್ಲ. ಹುಡುಗ ಹುಡುಗಿ ಇಬ್ಬರೂ ಅಲಂಕಾರ ಮಾಡಿಕೊಳ್ಳುತ್ತಾರೆ, ಇಬ್ಬರೂ ಕೊಡುತ್ತಾರೆ, ಇಬ್ಬರೂ ತಗೊಳ್ಳುತ್ತಾರೆ. ಗೆಳತಿ ಗೆಳತಿಗೆ ಮಾಡಿಕೊಡುವುದೂ ಇದೆ. ತೊಡೆಯ ಮೇಲಿನ ಗಾರ್ಟರ್ ತೆಗೆದರೆ ಸಂಪ್ರದಾಯವೇ ಹೋಯಿತು ಅನ್ನುವವರು ಒಮ್ಮೆ ಟೆಕ್ಸಸ್ ಕಡೆ ನೋಡಲಿ.

[ಸ್ಕ್ರೀನ್ ಮೇಲೆ: ಹಾಗಾದರೆ ಪ್ರಾಮನ್ನೇ ನಿಲ್ಲಿಸಿದರೆ?]

"ಇಷ್ಟೆಲ್ಲ ತಲೆನೋವು ಯಾಕೆ, ಶಾಲೆ ಕೈ ತೊಳೆದುಕೊಳ್ಳಲಿ, ಬೇಕಾದವರು ಸ್ವಂತ ಪಾರ್ಟಿ ಮಾಡಿಕೊಳ್ಳಲಿ" ಅಂತ ಕೆಲವರು ಹೇಳುತ್ತಾರೆ. ನಾನು ಇದನ್ನು ಪೂರ್ತಿ ವಿರೋಧಿಸುತ್ತೇನೆ, ಯಾಕೆಂದರೆ ಶಾಲೆಗಳು ಹೀಗೆ ಕೈ ತೊಳೆದುಕೊಂಡಾಗ ಏನಾಯಿತು ಅಂತ ನಮಗೆ ಗೊತ್ತಿದೆ.

1954ರಲ್ಲಿ ಬ್ರೌನ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕರಿಯರಿಗೆ, ಬಿಳಿಯರಿಗೆ ಬೇರೆ ಬೇರೆ ಸರ್ಕಾರಿ ಶಾಲೆ ಇರಬಾರದು ಅಂದಿತು. ದಕ್ಷಿಣದ ಎಷ್ಟೋ ಊರುಗಳಲ್ಲಿ ಅದು ನಿಜವಾಗಿ ಜಾರಿಯಾಗಿದ್ದು 1970ರ ಸುಮಾರಿಗೆ. ಆಗ ಕೆಲವು ಶಾಲೆಗಳು ಪ್ರಾಮ್ ನಡೆಸುವುದನ್ನೇ ಬಿಟ್ಟವು. ಪೋಷಕರು ಖಾಸಗಿಯಾಗಿ ನಡೆಸಿದರು. ಬಿಳಿ ಮಕ್ಕಳಿಗೆ ಒಂದು ಪ್ರಾಮ್, ಕರಿಯ ಮಕ್ಕಳಿಗೆ ಇನ್ನೊಂದು. ಹಗಲು ಒಂದೇ ಬೆಂಚಿನಲ್ಲಿ ಕೂತವರು ಆ ಒಂದು ರಾತ್ರಿ ಮಾತ್ರ ಬೇರೆ ಬೇರೆ. ನಟ ಮಾರ್ಗನ್ ಫ್ರೀಮನ್ 1997ರಲ್ಲಿ ಮಿಸಿಸಿಪಿಯ ಚಾರ್ಲ್ಸ್‌ಟನ್ ಶಾಲೆಗೆ, ಎಲ್ಲರನ್ನೂ ಸೇರಿಸಿ ಒಂದೇ ಪ್ರಾಮ್ ಮಾಡಿ, ಖರ್ಚು ನನ್ನದು ಅಂದರು. ಶಾಲೆ ಒಪ್ಪಿದ್ದು 2008ರಲ್ಲಿ! ಜಾರ್ಜಿಯಾದ ವಿಲ್‌ಕಾಕ್ಸ್ ಕೌಂಟಿಯಲ್ಲಿ 2013ರಲ್ಲಿ ವಿದ್ಯಾರ್ಥಿನಿಯರೇ ಹಣ ಕೂಡಿಸಿ ಎಲ್ಲರಿಗೂ ಒಂದೇ ಪ್ರಾಮ್ ಮಾಡಿದರು, ಮರುವರ್ಷ ಶಾಲೆಯೇ ನಡೆಸಿತು. 2013 ಅಂದರೆ ಮೊನ್ನೆ ಮೊನ್ನೆ. ಇದನ್ನು ಓದಿದಾಗ ನನಗೆ ತುಂಬಾ ಬೇಜಾರಾಯಿತು, ಆ ಹುಡುಗಿಯರ ಬಗ್ಗೆ ಅಷ್ಟೇ ಹೆಮ್ಮೆಯೂ ಆಯಿತು.

2010ರಲ್ಲಿ ಮಿಸಿಸಿಪಿಯ ಇಟವಾಂಬ ಕೌಂಟಿಯಲ್ಲಿ ಕಾನ್‌ಸ್ಟನ್ಸ್ ಮೆಕ್‌ಮಿಲನ್ ಅನ್ನೋ ಹುಡುಗಿ ತಾನು ಪ್ರೀತಿಸುವ ಹುಡುಗಿಯ ಜೊತೆ ಟಕ್ಸೀಡೋ ಹಾಕಿಕೊಂಡು ಬರುತ್ತೇನೆ ಅಂದಳು. ಶಾಲಾ ಮಂಡಳಿ ಪ್ರಾಮನ್ನೇ ರದ್ದು ಮಾಡಿತು. ಅವಳ ಹಕ್ಕಿಗೆ ಧಕ್ಕೆಯಾಗಿದೆ ಅಂತ ಫೆಡರಲ್ ನ್ಯಾಯಾಧೀಶರು ಹೇಳಿದರು, ಆದರೆ ಪೋಷಕರು ಖಾಸಗಿ ಪ್ರಾಮ್ ಮಾಡುತ್ತಿದ್ದಾರಲ್ಲ ಅಂತ ಶಾಲೆಯ ಪ್ರಾಮ್ ನಡೆಸಲೇಬೇಕು ಅನ್ನಲಿಲ್ಲ. ಆಮೇಲೆ ಅವಳಿಗೆ ಹೇಳಿದ ಜಾಗಕ್ಕೆ ಹೋದರೆ ಅಲ್ಲಿ ಇದ್ದದ್ದು ಬೆರಳೆಣಿಕೆಯ ಮಕ್ಕಳು. ಉಳಿದವರೆಲ್ಲ ಬೇರೆ ಕಡೆ ಕುಣಿಯುತ್ತಿದ್ದರು. ಕೊನೆಗೆ ಮಂಡಳಿ 35,000 ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಅದಕ್ಕೂ ಮೂವತ್ತು ವರ್ಷ ಹಿಂದೆ, 1980ರಲ್ಲೇ, ರೋಡ್ ಐಲೆಂಡ್‌ನಲ್ಲಿ ಆರನ್ ಫ್ರಿಕ್ ಅನ್ನೋ ಹುಡುಗ ಇನ್ನೊಬ್ಬ ಹುಡುಗನನ್ನೇ ತನ್ನ ಜೋಡಿಯಾಗಿ ಪ್ರಾಮ್‌ಗೆ ಕರೆತರುವ ಹಕ್ಕನ್ನು ಕೋರ್ಟಿನಲ್ಲಿ ಗೆದ್ದಿದ್ದ. ಗಲಾಟೆ ಆಗುತ್ತೆ ಅನ್ನೋ ಭಯ ಇದ್ದರೆ ಕಾವಲು ಹಾಕಿ, ಹುಡುಗನನ್ನು ತಡೆಯಬೇಡಿ ಅನ್ನೋದು ಆ ತೀರ್ಪಿನ ಸಾರ.

ಶಾಲೆ ಹಿಂದೆ ಸರಿದರೆ ಪ್ರಾಮ್ ನಿಲ್ಲೋದಿಲ್ಲ. ಯಾರನ್ನು ಸೇರಿಸಬೇಕು ಅನ್ನೋ ತೀರ್ಮಾನ ಮಾತ್ರ ದುಡ್ಡಿರುವ, ಹಾಲ್ ಬುಕ್ ಮಾಡುವ ನಾಲ್ಕು ಜನರ ಕೈಗೆ ಹೋಗುತ್ತೆ. ಅದಕ್ಕೇ ನಾನು ಹೇಳೋದು, ಪ್ರಾಮ್ ಶಾಲೆಯ ಕೈಯಲ್ಲೇ ಇರಲಿ, ಒಳಗಿನ ಪದ್ಧತಿ ಬದಲಾಗಲಿ.

ಸಮಯ ಆಗ್ತಾ ಇದೆ, ಉಳಿದದ್ದನ್ನು ಒಟ್ಟಿಗೆ ಹೇಳಿಬಿಡ್ತೀನಿ. ರಾಜ ರಾಣಿ ಕಿರೀಟ ಇರಲಿ, ಆದರೆ ಒಬ್ಬ ಹುಡುಗ ಒಬ್ಬ ಹುಡುಗಿ ಅನ್ನೋ ಕಟ್ಟು ಬೇಡ, ಈಗಾಗಲೇ ಎಷ್ಟೋ ಶಾಲೆಗಳು ಹಾಗೆ ಮಾಡಿವೆ. ಜೋಡಿ ಟಿಕೆಟ್ಟಿಗೆ ಮಾತ್ರ ರಿಯಾಯಿತಿ ಕೊಡೋದು ಬೇಡ, ಒಬ್ಬರೇ ಬರುವವರು ಜಾಸ್ತಿ ಯಾಕೆ ಕೊಡಬೇಕು? ಪ್ರಾಮ್‌ಗೆ ಬಾ ಅಂತ ಎಲ್ಲರೆದುರು ಬ್ಯಾನರ್ ಹಿಡಿದು ಕೇಳುವ ಪ್ರಾಮ್‌ಪೋಸಲ್ ಕೂಡ ಗಾರ್ಟರ್ ಥರದ್ದೇ, ಬೇಡ ಅನ್ನೋಕೆ ಜಾಗ ಕೊಡೋದಿಲ್ಲ. ವೀಸಾ ಕಾರ್ಡ್ ಕಂಪನಿಯ 2015ರ ಸಮೀಕ್ಷೆಯ ಪ್ರಕಾರ ಅದೊಂದಕ್ಕೇ ಸರಾಸರಿ ಖರ್ಚು 324 ಡಾಲರ್, ಪೂರ್ತಿ ಪ್ರಾಮ್‌ಗೆ 919. ಅದು ಶಾಲೆಯ ಅಂಗಳದಲ್ಲಿ, ಕ್ಲಾಸಿನ ಹೊತ್ತಲ್ಲಿ ಬೇಡ. ಊರವರು ನೋಡೋಕೆ ಬರುವ ಗ್ರ್ಯಾಂಡ್ ಮಾರ್ಚ್, ಅಂದರೆ ಅಲಂಕಾರ ಮಾಡಿಕೊಂಡ ಮಕ್ಕಳ ಮೆರವಣಿಗೆ, ಚೆನ್ನಾಗಿದೆ, ಅಜ್ಜಿ ತಾತಂದಿರು ಫೋಟೋ ತೆಗೆಯಲಿ, ಜೋಡಿಯಾಗಿಯೇ ನಡೆಯಬೇಕು ಅನ್ನೋದು ಬೇಡ ಅಷ್ಟೇ. ಕುಡಿದು ಗಾಡಿ ಓಡಿಸದಿರಲಿ ಅಂತ ರಾತ್ರಿಯಿಡೀ ಶಾಲೆಯೇ ನಡೆಸುವ ಆಫ್ಟರ್ ಪ್ರಾಮ್ ಖಂಡಿತ ಇರಲಿ.

ಪ್ರಶ್ನೆ ಕೇಳಿದ ಅಮ್ಮನಿಗೆ ಒಂದು ಮಾತು. ಗಾರ್ಟರ್ ತಗೊಳ್ಳೋದು ಬಿಡೋದು ನಿಮ್ಮ ಮಗಳ ಇಷ್ಟ. ಅವಳ ಹತ್ತಿರ ಮಾತಾಡಿ, ಬೈಯಬೇಡಿ. ಆದರೆ ಆ ರಾತ್ರಿಯ ಕಾರ್ಯಕ್ರಮದ ಪಟ್ಟಿಯಲ್ಲಿ ಗಾರ್ಟರ್ ಆಟ ಇದೆಯಾ ಅಂತ ಶಾಲೆಗೆ ಈಗಲೇ ಇಮೇಲ್ ಮಾಡಿ ಕೇಳಿ. ತುಂಬಾ ಶಾಲೆಗಳಲ್ಲಿ ಹನ್ನೊಂದನೇ ಕ್ಲಾಸಿನ ಮಕ್ಕಳ ಕಮಿಟಿ, ಒಬ್ಬ ಟೀಚರ್ ಜೊತೆ ಸೇರಿ, ಪ್ರಾಮ್ ಯೋಜನೆ ಮಾಡುತ್ತೆ, ಆ ಕೆಲಸ ಎಷ್ಟೋ ತಿಂಗಳು ಮುಂಚೆಯೇ ಶುರುವಾಗಿರುತ್ತೆ. ಈ ವಿಡಿಯೋ ನೋಡುತ್ತಿರುವ ಬೇರೆ ಪೋಷಕರ ಮಕ್ಕಳು ಈಗ ಹನ್ನೊಂದರಲ್ಲಿದ್ದರೆ, ಆ ಕಮಿಟಿಗೆ ಸೇರೋಕೆ ಹೇಳಿ. ಹಾಲ್ ಬುಕ್ ಆಗಿ ಟಿಕೆಟ್ ಪ್ರಿಂಟ್ ಆದ ಮೇಲೆ ಯಾರೂ ಕೇಳಿಸಿಕೊಳ್ಳೋದಿಲ್ಲ.